ಮಾಪಕದ ಮಾತು: ಬಿತ್ತಿದ ಹಿಮ ಯಾರ ಪಾಲಿಗೆ?

ಎರಡು ತಿಂಗಳ ಹಿಂದೆ ಈ ಪುಟಕ್ಕೆ ಅಮೆರಿಕದ ಐಡಹೊ ರಾಜ್ಯದ ಬೋಯ್ಸಿ ಊರಿನಿಂದ ಬರೆದಿದ್ದೆ. ಮಗಳ ಮನೆ ಅಲ್ಲಿದೆ. ‘ಇಲ್ಲಿಯ ವಿದ್ಯುತ್ ಕಂಪನಿ ಚಳಿಗಾಲದಲ್ಲಿ ಮೋಡ ಬಿತ್ತನೆ ಮಾಡಿ ಬೆಟ್ಟದ ಮೇಲೆ ಹಿಮ ಜಾಸ್ತಿ ಬೀಳಿಸುತ್ತದೆ’ ಎಂದು ಅದರಲ್ಲಿ ಒಂದೇ ಒಂದು ಸಾಲು ಇತ್ತು. ಆ ಒಂದು ಸಾಲಿಗೆ ಬಂದ ಕಾಗದಗಳನ್ನು ಸಂಪಾದಕರು ಒಂದು ಚೀಲದಲ್ಲಿ ಹಾಕಿ ಕಳಿಸಿದ್ದಾರೆ. ಅಡಿಕೆ ಕೊಳೆರೋಗದ ಬಗ್ಗೆ ಬರೆದಾಗಲೂ ಇಷ್ಟು ಬಂದಿರಲಿಲ್ಲ!

ಹೊಸ ಓದುಗರಿಗೆ ಒಂದು ಮಾತು. ನಾನು ಹವಾಮಾನ ವಿಜ್ಞಾನಿ ಅಲ್ಲ. 31 ವರ್ಷ ಶರಾವತಿ ಕಣಿವೆಯಲ್ಲಿ ಜಲವಿದ್ಯುತ್ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರ್. ಮಳೆಗಾಲದಲ್ಲಿ ದಿನಾ ಬೆಳಗ್ಗೆ ಲಿಂಗನಮಕ್ಕಿಯ ಮಟ್ಟ ಎಷ್ಟು, 1819 ಅಡಿಗೆ ಇನ್ನೆಷ್ಟು ಬಾಕಿ ಅಂತ ನೋಡಿಯೇ ಕಾಫಿ ಕುಡಿದವನು. ನೀರಿನ ಲೆಕ್ಕ ಅಂದರೆ ಕಿವಿ ನೆಟ್ಟಗಾಗುವುದು ಆ ಅಭ್ಯಾಸದಿಂದ.

ಹಿಮ ಜಾಸ್ತಿ ಮಾಡಬಹುದು ಅನ್ನೋದು ನಿಜವಾ, ಇಲ್ಲ ಕಂಪನಿಯವರ ಬೂಟಾಟಿಕೆಯಾ ಸಾರ್?
— ಹೈಸ್ಕೂಲ್ ವಿಜ್ಞಾನ ಮೇಷ್ಟ್ರು, ಸಾಗರ

ಮೇಷ್ಟ್ರೇ, ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಅಂತ ನೀವು ಪಾಠ ಮಾಡುತ್ತೀರಿ. ಮೋಡದೊಳಗಿನ ಹನಿಗಳು ಆ ಪಾಠ ಓದಿಲ್ಲ. ಮೈನಸ್ 10, ಮೈನಸ್ 15 ಡಿಗ್ರಿಯಲ್ಲೂ ಅವು ನೀರಾಗಿಯೇ ತೇಲುತ್ತಿರುತ್ತವೆ. ಗಟ್ಟಿಯಾಗಲು ಏನಾದರೂ ಒಂದು ಆಸರೆ ಬೇಕು. ಸಾಮಾನ್ಯವಾಗಿ ಅದು ಮಣ್ಣಿನ ಧೂಳಿನ ಕಣ. ಧೂಳು ಸಾಲದಿದ್ದರೆ ಆ ನೀರು ಬೆಟ್ಟ ದಾಟಿ ಹೊರಟುಹೋಗುತ್ತದೆ.

ಹಾಲು ಕಾಯಿಸಿ ಆರಿಸಿಟ್ಟರೆ ಅದರಷ್ಟಕ್ಕೆ ಮೊಸರಾಗುತ್ತದಾ? ಒಂದು ಚಮಚ ಹೆಪ್ಪು ಹಾಕಬೇಕು ತಾನೆ. ಇಲ್ಲಿ ಹೆಪ್ಪು ಅಂದರೆ ಸಿಲ್ವರ್ ಅಯೋಡೈಡ್, ಬೆಳ್ಳಿ ಮತ್ತು ಅಯೋಡಿನ್ ಸೇರಿದ ಲವಣ. ಅದರ ಹರಳಿನ ಜೋಡಣೆ ಮಂಜುಗಡ್ಡೆಯ ಜೋಡಣೆಯನ್ನೇ ಹೋಲುತ್ತದೆ. ಹನಿ ಮೋಸಹೋಗಿ ಅದರ ಮೇಲೆ ಗಡ್ಡೆಯಾಗುತ್ತದೆ. ಒಂದು ಸಲ ಹಿಮದ ಹರಳು ಹುಟ್ಟಿತೋ, ಸುತ್ತಲ ಹನಿಗಳ ನೀರೆಲ್ಲ ಆವಿಯಾಗಿ ಬಂದು ಅದಕ್ಕೇ ಅಂಟಿಕೊಳ್ಳುತ್ತದೆ. ತೂಕ ಹೆಚ್ಚಾಗಿ ಕೆಳಗೆ ಬೀಳುತ್ತದೆ. ಇಷ್ಟೇ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗಲ್ಲ, ಅದನ್ನು ಮಾತ್ರ ನೆನಪಿಡಿ. ಉಳಿದ ಕಾಗದಗಳಿಗೂ ಈ ಮಾತು ಬೇಕಾಗುತ್ತದೆ.

ಇದು ಸಿಕ್ಕಿದ್ದು ಒಂದು ಸೆಖೆಗಾಲದಲ್ಲಿ. 1946ರ ಜುಲೈ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯ. ವಿನ್ಸೆಂಟ್ ಶೇಫರ್ ಎಂಬಾತ ಫ್ರೀಜರ್ ಪೆಟ್ಟಿಗೆಯೊಳಗೆ ಉಸಿರು ಊದಿ ಮೋಡ ಮಾಡಿ ನೋಡುತ್ತಿದ್ದ. ಪೆಟ್ಟಿಗೆ ಸಾಕಷ್ಟು ತಣ್ಣಗಿಲ್ಲ ಅಂತ ಒಂದು ತುಂಡು ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಒಳಗಿಟ್ಟ. ಪೆಟ್ಟಿಗೆ ತುಂಬ ಮಿನುಗುವ ಹಿಮದ ಹರಳು! ಅದೇ ನವೆಂಬರ್ 13ರಂದು ವಿಮಾನದಿಂದ ಡ್ರೈ ಐಸ್ ಚೆಲ್ಲಿ, ಮ್ಯಾಸಚೂಸೆಟ್ಸ್‌ನ ಗ್ರೇಲಾಕ್ ಬೆಟ್ಟದ ಹತ್ತಿರ ಒಂದು ಮೋಡದಿಂದ ಹಿಮ ಉದುರಿಸಿದರು. ಅವನ ಸಹೋದ್ಯೋಗಿ ಬರ್ನಾರ್ಡ್ ವಾನೆಗಟ್ ಸಿಲ್ವರ್ ಅಯೋಡೈಡ್ ಹುಡುಕಿದ್ದೂ ಅದೇ ತಿಂಗಳು.

ಆಮೇಲೆ 70 ವರ್ಷ ಜಗಳವೇ ಜಗಳ. ಬಿತ್ತಿದೆವು, ಹಿಮ ಬಿತ್ತು. ಬಿತ್ತದಿದ್ದರೂ ಬೀಳುತ್ತಿತ್ತಲ್ಲ ಅಂದರೆ ಉತ್ತರ ಎಲ್ಲಿದೆ? ನಮ್ಮ ಮಲೆನಾಡಿನಲ್ಲೇ ನೋಡಿ. ನೂರು ಮಾರು ದೂರದಲ್ಲಿ ಇಟ್ಟ ಎರಡು ಮಾಪಕಗಳಲ್ಲಿ ಒಂದೇ ರಾತ್ರಿಯ ಮಳೆ ಬೇರೆ ಬೇರೆ ಬಂದದ್ದನ್ನು ನಾನೇ ಎಷ್ಟು ಸಲ ಪುಸ್ತಕಕ್ಕೆ ಏರಿಸಿದ್ದೇನೆ. ಪ್ರಕೃತಿಯ ಏರಿಳಿತವೇ ಅಷ್ಟಿರುವಾಗ ಅದರಲ್ಲಿ ನೂರಕ್ಕೆ ಹತ್ತು ಜಾಸ್ತಿ ಆಯ್ತು ಅಂತ ಹೇಳಲು ಗುಂಡಿಗೆ ಬೇಕು.

2017ರ ಚಳಿಗಾಲದಲ್ಲಿ ಐಡಹೊದ ಪೇಯಟ್ ನದಿಯ ಬೆಟ್ಟಗಳಲ್ಲಿ ‘ಸ್ನೋವಿ’ ಎಂಬ ಪ್ರಯೋಗ ನಡೆಯಿತು. ವಿಮಾನ ಅಂಕುಡೊಂಕಾಗಿ ಹಾರುತ್ತಾ ಬಿತ್ತಿತು. ಸ್ವಲ್ಪ ಹೊತ್ತಿಗೆ ರಡಾರ್ ಪರದೆಯ ಮೇಲೆ ಅದೇ ಅಂಕುಡೊಂಕು ಗೆರೆಯಲ್ಲಿ ಹಿಮ ಮೂಡಿತು. ಮೋಡ ತಾನಾಗಿ ಅಂಕುಡೊಂಕಾಗಿ ಹಿಮ ಸುರಿಸಲ್ಲ, ಅಲ್ವಾ? ಆ ಚಿತ್ರವನ್ನು ಅಳಿಯ ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ನನಗೆ ರೋಮಾಂಚನವಾಯಿತು, ಸುಳ್ಳು ಯಾಕೆ ಹೇಳಲಿ.

ಲೆಕ್ಕವನ್ನೂ ಕೇಳಿ. ಆ ಜನವರಿಯ ಮೂರು ದಿನಗಳ ಬಿತ್ತನೆಯಿಂದ ಬಂದ ಹೆಚ್ಚುವರಿ ನೀರು ಒಟ್ಟು ಸುಮಾರು 7 ಲಕ್ಷ ಘನ ಮೀಟರ್. ನಮ್ಮ ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಅಂದರೆ ಅಂಥ ಮೂರು ದಿನಗಳನ್ನು ನಲವತ್ತು ಸಲ ಮಾಡಿದರೆ ಒಂದು ಟಿಎಂಸಿ. ಲಿಂಗನಮಕ್ಕಿ ಹಿಡಿಯುವುದು 151 ಟಿಎಂಸಿ. ಬೂಟಾಟಿಕೆ ಅಲ್ಲ ಮೇಷ್ಟ್ರೇ, ಪವಾಡವೂ ಅಲ್ಲ.

ವಯೋಮಿಂಗ್ ರಾಜ್ಯದವರು 2005ರಿಂದ ಸುಮಾರು ಹತ್ತು ವರ್ಷ, ಎರಡು ಬೆಟ್ಟಸಾಲುಗಳಲ್ಲಿ ಚೀಟಿ ಎತ್ತಿದ ಹಾಗೆ ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ಬಿತ್ತಿ ನೋಡಿದರು. ಬಿತ್ತನೆಗೆ ಒಗ್ಗುವ ಮೋಡವಿದ್ದರೆ 5ರಿಂದ 15 ಶೇಕಡಾ ಜಾಸ್ತಿ ಆಗಬಹುದು ಎಂದು ಅಂದಾಜಿಸಿದರು. ಆದರೆ ಒಗ್ಗುವ ಮೋಡ ಬರುವುದೇ ಮೂರರಲ್ಲಿ ಒಂದು ಸಲ. ಬಿತ್ತನೆ ಮಾರುವವರು ಮೊದಲ ವಾಕ್ಯ ಹೇಳಿ ಎರಡನೆಯದನ್ನು ನುಂಗುತ್ತಾರೆ.

ನಮ್ಮಲ್ಲಿ ವರ್ಷಧಾರಿ ಅಂತ ಮಾಡಿದ್ರಲ್ಲ, ಅದೂ ಇದೂ ಒಂದೇ ತಾನೆ? ನಮ್ಮ ಹೊಲಕ್ಕಂತೂ ಒಂದು ಹನಿ ಬರಲಿಲ್ಲ.
— ರೈತರು, ಹಾವೇರಿ ಜಿಲ್ಲೆ

ಹೆಸರು ಒಂದೇ, ಕೆಲಸ ಬೇರೆ. 2003ರ ‘ವರುಣ’, 2017ರಲ್ಲಿ ಜಕ್ಕೂರಿನಿಂದ ವಿಮಾನ ಹಾರಿಸಿದ ‘ವರ್ಷಧಾರಿ’, ಇವೆರಡೂ ಮಳೆಗಾಲದ ಮೋಡಗಳ ಬೆನ್ನು ಹತ್ತಿದ್ದು. ಆ ಮೋಡ ಹುಟ್ಟಿ, ಬೆಳೆದು, ಚದುರಲು ಒಂದು ಗಂಟೆಯೂ ಬೇಡ. ವಿಮಾನ ಹೋಗುವಷ್ಟರಲ್ಲಿ ಅದು ಇರಲ್ಲ, ಇದ್ದರೂ ನಿಮ್ಮ ಹೊಲದ ಮೇಲೆ ಇರಲ್ಲ. ಚಳಿಗಾಲದ ಬೆಟ್ಟದ ಮೋಡ ಹಾಗಲ್ಲ. ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತಾ ಇರುವವರೆಗೆ ಅದು ಅಲ್ಲೇ ಕೂತಿರುತ್ತದೆ, ಗಂಟೆಗಟ್ಟಲೆ. ಅದಕ್ಕೇ ವಿಮಾನವೂ ಬೇಕಿಲ್ಲ. ಬೆಟ್ಟದ ಬುಡದಲ್ಲಿ ಒಂದು ಒಲೆ ಹಚ್ಚಿದರೆ ಸಾಕು.

ಅಂಥ ಒಂದನ್ನು ರಸ್ತೆಯಿಂದ ದೂರಕ್ಕೆ ನೋಡಿದೆ. ಒಂದು ಗ್ಯಾಸ್ ಟ್ಯಾಂಕು, ಒಂದು ಸೋಲಾರ್ ಫಲಕ, ಒಂದು ಕಂಬ. ತುದಿಯಲ್ಲಿ ಹೊಗೆಕೊಳವೆಯ ಹಾಗೆ ಏನೋ. ಸಿಲ್ವರ್ ಅಯೋಡೈಡನ್ನು ಅಸಿಟೋನಿನಲ್ಲಿ ಕರಗಿಸಿ ಗ್ಯಾಸಿನ ಉರಿಯಲ್ಲಿ ಸುಡುತ್ತಾರೆ. ಹೊಗೆ ಗಾಳಿಯ ಜೊತೆ ಮೇಲೆ ಹೋಗುತ್ತದೆ. ಅಲ್ಲಿ ಯಾರೂ ಇರಲ್ಲ, ಕಚೇರಿಯಲ್ಲಿ ಕೂತವರು ಗುಂಡಿ ಒತ್ತಿ ಹಚ್ಚುತ್ತಾರೆ. ನಮ್ಮೂರ ಬೆಲ್ಲದ ಗಾಣದ ಒಲೆಯಷ್ಟೂ ಸಂಭ್ರಮವಿಲ್ಲದ ವಸ್ತು.

ನಮ್ಮ ಕಡೆಯ ಮೋಡದ ಬಗ್ಗೆ ನಂಬುವಂಥ ಲೆಕ್ಕ ಬೇಕಾದರೆ ಸೊಲ್ಲಾಪುರದ ಪ್ರಯೋಗ ನೋಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು. ಬಿತ್ತಿದ ಜಾಗದಿಂದ ಗಾಳಿ ಹೋಗುವ ದಿಕ್ಕಿನ 100 ಚದರ ಕಿಲೋಮೀಟರಿನಲ್ಲಿ ಸರಾಸರಿ 18 ಶೇಕಡಾ ಹೆಚ್ಚು ಮಳೆ ಎಂದು ಅವರು 2023ರಲ್ಲಿ ಪ್ರಕಟಿಸಿದರು. ಅದೂ ಮೋಡ ಇದ್ದ ದಿನ. ಬರಗಾಲದ ಬಿಳಿ ಆಕಾಶಕ್ಕೆ ಯಾವ ಹೆಪ್ಪೂ ಇಲ್ಲ.

ಬೆಳ್ಳಿ ವಿಷ ಅಂತ ಕೇಳಿದ್ದೇನೆ. ಹಿಮ ಕರಗಿದ ನೀರು ಕುಡಿದರೆ, ಮೀನಿಗೆ, ಮಣ್ಣಿಗೆ ಏನಾಗುತ್ತದೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಒಳ್ಳೆಯ ಪ್ರಶ್ನೆ ಮಗಳೇ. ಬೆಳ್ಳಿ ತನ್ನ ಬಿಡಿ ಅಯಾನಿನ ರೂಪದಲ್ಲಿ ವಿಷವೇ. ಬ್ಯಾಕ್ಟೀರಿಯಾ, ಪಾಚಿ, ಮೀನಿನ ಕಿವಿರು ಇವಕ್ಕೆಲ್ಲ ಆಗದು. ಸುಟ್ಟಗಾಯದ ಮುಲಾಮಿನಲ್ಲಿ ಬೆಳ್ಳಿ ಹಾಕುವುದೇ ಕ್ರಿಮಿ ಸಾಯಲಿ ಅಂತ. ಆದರೆ ಸಿಲ್ವರ್ ಅಯೋಡೈಡ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಕರಗುತ್ತದೆ. ಕರಗಿದ ಚೂರೂ ಮಣ್ಣಿನ ಗಂಧಕ ಮತ್ತು ಜೇಡಿಗೆ ಅಂಟಿಕೊಂಡು ಕೂತುಬಿಡುತ್ತದೆ.

ಪ್ರಮಾಣವನ್ನೂ ನೋಡು. ಒಂದು ಒಲೆ ಗಂಟೆಗೆ ಸುಡುವುದು ಸುಮಾರು 20 ಗ್ರಾಂ ಸಿಲ್ವರ್ ಅಯೋಡೈಡ್. ಅದು ನೂರಾರು ಚದರ ಕಿಲೋಮೀಟರಿನ ಮೇಲೆ ಹರಡಿಹೋಗುತ್ತದೆ. ಬಿತ್ತಿದ ಹಿಮದಲ್ಲಿ ಬೆಳ್ಳಿಯನ್ನು ಅಳೆದಾಗ ಸಿಗುವುದು ಲಕ್ಷ ಕೋಟಿಯಲ್ಲಿ ಕೆಲವು ಪಾಲು. ಅಮೆರಿಕದಲ್ಲಿ ಕುಡಿಯುವ ನೀರಿಗೆ ಹಾಕಿಕೊಂಡ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಅದು ಹಿಮದಲ್ಲಿ ಸಿಕ್ಕಿದ್ದರ ಸಾವಿರಾರು ಪಟ್ಟು. ಅಯೋಡಿನ್ ಮಾತು ಬಿಡು, ನಿಮ್ಮ ಹಾಸ್ಟೆಲ್ ಸಾರಿನ ಉಪ್ಪಿನಲ್ಲೇ ಜಾಸ್ತಿ ಇರುತ್ತದೆ.

ಹಾಗಾದರೆ ಕೈ ತೊಳೆದುಕೊಂಡು ಎದ್ದುಬಿಡಬಹುದಾ? ನಾನು ಏಳುವುದಿಲ್ಲ. 2016ರಲ್ಲಿ ಸ್ಪೇನ್‌ನ ಸಂಶೋಧಕರು ಪ್ರಯೋಗಾಲಯದಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಸಿಹಿನೀರಿನ ಪಾಚಿಗೆ ಸಿಲ್ವರ್ ಅಯೋಡೈಡ್ ಉಣಿಸಿ ನೋಡಿದರು. ಪೆಟ್ಟು ಬಿದ್ದದ್ದು ಕಂಡಿತು. ಅವರು ಹಾಕಿದ ಪ್ರಮಾಣ ಬೆಟ್ಟದ ಹಿಮದಲ್ಲಿ ಸಿಗುವುದಕ್ಕಿಂತ ಎಷ್ಟೋ ಜಾಸ್ತಿ, ನಿಜ. ಆದರೆ ಒಂದೇ ಬೆಟ್ಟದ ಮೇಲೆ ಐವತ್ತು ಅರವತ್ತು ವರ್ಷ ಬಿತ್ತುತ್ತಾ ಹೋದರೆ ಕೆರೆಯ ತಳದ ಕೆಸರನ್ನು ಆಗಾಗ ತೆಗೆದು ನೋಡುತ್ತಿರಬೇಕು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡದಲ್ಲಿ, ಆಸ್ಟ್ರೇಲಿಯಾದ ಸ್ನೋಯಿ ಬೆಟ್ಟಗಳಲ್ಲಿ ನೋಡಿದ್ದಾರೆ. ಎಲ್ಲ ಕಡೆಯೂ ನೋಡಬೇಕು. ನಮ್ಮಲ್ಲಿ ಮಳೆ ಬಂತಾ ಅಂತ ಕೇಳುವವರು ಸಿಗುತ್ತಾರೆ, ಕೆಸರು ನೋಡಿದಿರಾ ಅಂತ ಕೇಳುವವರು ಸಿಗಲ್ಲ. ನಿನ್ನ ಪ್ರಾಜೆಕ್ಟಿಗೆ ವಿಷಯ ಬೇಕಾ?

ಬೆಳ್ಳಿಗಿಂತ ನನಗೆ ಹೆಚ್ಚು ಕುತೂಹಲ ಹಿಮದ್ದೇ. ಹಿಮ ಜಾಸ್ತಿ ಬಿದ್ದರೆ ತಡವಾಗಿ ಕರಗುತ್ತದೆ. ಬೆಟ್ಟದ ತುದಿಯ ಗಿಡಗಳಿಗೆ ಬೇಸಿಗೆ ಅಂತ ಇರುವುದೇ ಕೆಲವು ವಾರ, ಅದರಲ್ಲಿ ನಾಲ್ಕು ದಿನ ಹೋದರೆ ಹೂ ಬಿಡಲು ಪುರುಸೊತ್ತೆಲ್ಲಿ? ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮೇವಿಗಾಗಿ ಹಿಮ ಆಳವಿಲ್ಲದ ಕಡೆಗೆ ಇಳಿಯುತ್ತವೆ. ಅಲ್ಲಿ ಈಗ ಬೇಲಿ, ಮನೆ, ಹೆದ್ದಾರಿ. ಅಮೆರಿಕದ ಕೊಲರಾಡೊ ರಾಜ್ಯದ ಸ್ಯಾನ್ ವಾನ್ ಬೆಟ್ಟಗಳಲ್ಲಿ 1970ರಿಂದ ಐದು ವರ್ಷ ಬಿತ್ತನೆ ಪ್ರಯೋಗ ನಡೆದಾಗ ಜೊತೆಗೇ ಇದನ್ನೆಲ್ಲ ನೋಡಲು ಪರಿಸರ ವಿಜ್ಞಾನಿಗಳ ತಂಡ ಇಟ್ಟಿದ್ದರು. 1976ರಲ್ಲಿ ಅವರ ದಪ್ಪ ವರದಿ ಬಂತು. ಕೂಡಲೇ ಕಣ್ಣಿಗೆ ಬೀಳುವ ದೊಡ್ಡ ಅನಾಹುತ ಇಲ್ಲ, ನಿಧಾನದ ಬದಲಾವಣೆ ಇರಬಹುದು ಅನ್ನುವುದು ಅದರ ಧಾಟಿ. ಪ್ರಯೋಗದ ಜೊತೆಗೇ ಪರಿಣಾಮದ ತಂಡವನ್ನೂ ಕಟ್ಟಿದರಲ್ಲ, ಆ ಬುದ್ಧಿ ನನಗೆ ಇಷ್ಟವಾಯಿತು.

ಮೇಲಿನ ಮನೆಯವರು ಮೋಡ ಹಿಂಡಿಕೊಂಡರೆ ಕೆಳಗಿನ ಮನೆಯವರಿಗೆ ಏನುಳಿಯುತ್ತೆ? ಇದು ಕಳ್ಳತನ ಅಲ್ವಾ?
— ಗೃಹಿಣಿ, ಶಿರಸಿ

ಅಕ್ಕಾ, ಇದೇ ಮಾತನ್ನು ಒಬ್ಬ ಸೇನಾಧಿಕಾರಿಯೂ ಆಡಿದ್ದರು. 2018ರ ಜುಲೈನಲ್ಲಿ ಇರಾನಿನ ಒಬ್ಬ ಬ್ರಿಗೇಡಿಯರ್ ಜನರಲ್, ಇಸ್ರೇಲಿನವರು ನಮ್ಮ ಮೋಡವನ್ನೂ ಹಿಮವನ್ನೂ ಕದಿಯುತ್ತಿದ್ದಾರೆ ಎಂದರು. ಹಾಗೆಲ್ಲ ಯಾವ ದೇಶಕ್ಕೂ ಕದಿಯಲು ಆಗಲ್ಲ ಅಂತ ಅವರದೇ ದೇಶದ ಹವಾಮಾನ ಇಲಾಖೆಯ ಮುಖ್ಯಸ್ಥರು ಹೇಳಬೇಕಾಯಿತು. ಪಾಪ.

ಮೋಡ ಅಂದರೆ ತುಂಬಿಟ್ಟ ಕೊಡ ಅಲ್ಲ, ಹರಿಯುವ ಹೊಳೆ. ಬೆಟ್ಟ ದಾಟುವ ಗಾಳಿಯಲ್ಲಿರುವ ತೇವದಲ್ಲಿ ಸ್ವಲ್ಪ ಪಾಲು ಮಾತ್ರ ತಾನಾಗಿ ಬೀಳುತ್ತದೆ. ಬಿತ್ತನೆ ಆ ಬೀಳುವ ಪಾಲಿಗೆ ಇನ್ನಷ್ಟು ಚೂರು ಸೇರಿಸುತ್ತದೆ. ಇಡೀ ಗಾಳಿಯ ತೇವಕ್ಕೆ ಹೋಲಿಸಿದರೆ ಅದು ನೂರರಲ್ಲಿ ಒಂದಕ್ಕೂ ಕಡಿಮೆ. ಹೊಳೆಯಿಂದ ಒಂದು ಬಿಂದಿಗೆ ಎತ್ತಿದ ಹಾಗೆ. ಹೀಗಾಗಿ ಕಳ್ಳತನ ಎಂಬ ಮಾತಿಗೆ ಇದುವರೆಗೆ ಪುರಾವೆ ಸಿಕ್ಕಿಲ್ಲ.

ಆದರೆ ಒಬ್ಬರು ಬಿಂದಿಗೆ ಎತ್ತುವುದು ಬೇರೆ, ಊರೆಲ್ಲ ಪಂಪು ಇಡುವುದು ಬೇರೆ. ಚೀನಾದವರು ಟಿಬೆಟ್ ಪ್ರಸ್ಥಭೂಮಿಯ ಮೇಲೆ ‘ತಿಯಾನ್‌ಹೆ’, ಅಂದರೆ ಆಕಾಶನದಿ ಎಂಬ ಯೋಜನೆ ಹಾಕಿದ್ದಾರೆ. ಐಡಹೊದಲ್ಲಿ ನಾನು ನೋಡಿದಂಥ ಒಲೆಗಳೇ, ಸಾವಿರಾರು. 16 ಲಕ್ಷ ಚದರ ಕಿಲೋಮೀಟರ್ ಜಾಗಕ್ಕೆ ಮಳೆ ಹಿಮ ಹೆಚ್ಚಿಸುವ ಮಾತು 2018ರಲ್ಲಿ ಸುದ್ದಿಯಾಯಿತು. ಇದು ಆಗುವ ಹೋಗುವ ಕೆಲಸವಲ್ಲ ಎಂದು ಟೀಕಿಸಿದವರಲ್ಲಿ ಚೀನಾದ ವಿಜ್ಞಾನಿಗಳೇ ಇದ್ದರು. ಬ್ರಹ್ಮಪುತ್ರ, ಸಿಂಧೂ, ಸಟ್ಲೆಜ್ ಹುಟ್ಟುವುದು ಆ ಕಡೆಯೇ. ಹಿಮ ಜಾಸ್ತಿಯಾದರೆ ನಮಗೂ ನೀರು ಜಾಸ್ತಿ ಅಲ್ವಾ ಅಂತ ಕೇಳಬಹುದು. ಆಗಬಹುದು. ಪ್ರಶ್ನೆ ಅದಲ್ಲ. ಅವರು ನಮ್ಮನ್ನು ಕೇಳಬೇಕು, ಹೇಳಬೇಕು ಅನ್ನುವ ಯಾವ ಒಪ್ಪಂದವೂ ಇಲ್ಲ. 1978ರಲ್ಲಿ ಜಾರಿಗೆ ಬಂದ ಒಂದು ಅಂತಾರಾಷ್ಟ್ರೀಯ ಒಪ್ಪಂದ ಇದೆ. ಅದು ಯುದ್ಧಕ್ಕೆ ಹವೆಯನ್ನು ಬಳಸಬೇಡಿ ಅನ್ನುತ್ತದೆ. ಅದಕ್ಕೆ ಕಾರಣ ಅಮೆರಿಕದವರು ವಿಯೆಟ್ನಾಂ ಯುದ್ಧದಲ್ಲಿ ದಾರಿ ಕೆಸರಾಗಲಿ ಅಂತ ಐದು ವರ್ಷ ಮೋಡ ಬಿತ್ತಿದ್ದು. ಶಾಂತಿಕಾಲದ ಅಕ್ಕಪಕ್ಕದ ಜಗಳಕ್ಕೆ ಅದರಲ್ಲಿ ಮದ್ದಿಲ್ಲ.

ಹೆಚ್ಚು ಹಿಮ ಬಿದ್ದು ಅನಾಹುತವಾದರೆ ಹೊಣೆ ಯಾರು? ಕಾನೂನು ಏನು ಹೇಳುತ್ತದೆ?
— ನಿವೃತ್ತ ವಕೀಲರು, ಶಿವಮೊಗ್ಗ

ವಕೀಲರೇ, ನೀವು ಸರಿಯಾದ ಗಂಟನ್ನೇ ಹಿಡಿದಿರಿ. ಮೊದಲು ನನ್ನ ಸೊಂಟದ ಕಥೆ ಕೇಳಿ.

ಜನವರಿಯ ಒಂದು ಬೆಳಗ್ಗೆ ಮಗಳ ಮನೆ ಮುಂದೆ ಮೊಣಕಾಲುದ್ದ ಹಿಮ. ಮಗಳೂ ಅಳಿಯನೂ ಕೆಲಸಕ್ಕೆ ಹೋಗಬೇಕು. ನಾನು ಹಾರೆ ಹಿಡಿದ ಕೈ ಅಂತ ಜಂಬದಿಂದ ಸಲಿಕೆ ತಗೊಂಡೆ. ಮೊದಲ ಹತ್ತು ಸಲಿಕೆ ಹತ್ತಿ ಎತ್ತಿದ ಹಾಗೆ. ಬಿಸಿಲು ಬಂದು ಹಿಮ ಒದ್ದೆಯಾದ ಮೇಲೆ ಗದ್ದೆ ಮಣ್ಣು ಎತ್ತಿದ ಹಾಗೆ. ಅರ್ಧ ಗಂಟೆಗೆ ಸೊಂಟ ಹಿಡಿಯಿತು, ಮೂರು ದಿನ ಅಮೃತಾಂಜನ. ಕುತೂಹಲಕ್ಕೆ ಒಂದು ಚೊಂಬು ತುಂಬ ಹಿಮ ಒತ್ತದೆ ತುಂಬಿ ಒಲೆ ಮೇಲೆ ಇಟ್ಟೆ. ಕರಗಿದಾಗ ತಳದಲ್ಲಿ ಒಂದು ಬೆರಳು ನೀರು. ಹತ್ತು ಇಂಚು ಹಿಮಕ್ಕೆ ಒಂದು ಇಂಚು ನೀರು ಅಂತ ಅವರ ಲೆಕ್ಕ, ಚೊಂಬು ಅದನ್ನೇ ಹೇಳಿತು.

ಆ ಒಂದು ಬೆರಳು ನೀರು ಯಾರದ್ದು, ಸಲಿಕೆ ಯಾರದ್ದು? ಇಡೀ ವಿಷಯ ಅದೇ.

ಸ್ಯಾನ್ ವಾನ್ ಬೆಟ್ಟಗಳ ನಡುವೆ ಸಿಲ್ವರ್‌ಟನ್ ಅನ್ನುವ ಪುಟ್ಟ ಊರಿದೆ. ಹಳೆಯ ಗಣಿ ಊರು. ಅದರಿಂದ ಊರೆ ಎಂಬ ಊರಿಗೆ ಹೋಗುವ ಕಣಿವೆ ರಸ್ತೆಯಲ್ಲಿ ಹಿಮಕುಸಿತ ಚಳಿಗಾಲದ ಸಾಮಾನ್ಯ ಸಂಗತಿ. 1970, 1978, 1992ರಲ್ಲಿ ಅಲ್ಲಿ ಹಿಮ ತೆಗೆಯುವ ಗಾಡಿಯ ಕೆಲಸಗಾರರು ಕುಸಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಬಿತ್ತನೆಯಿಂದ ಸತ್ತರು ಅಂತ ನಾನು ಹೇಳುತ್ತಿಲ್ಲ. ಅಂಥ ರಸ್ತೆಯ ಮೇಲೆ ಇನ್ನೊಂದಿಷ್ಟು ಹಿಮ ಸುರಿಸುತ್ತೇವೆ ಅಂದಾಗ ಆ ಊರಿನವರಿಗೆ ಹೇಗಾಗಿರಬೇಡ? ರಸ್ತೆ ಮುಚ್ಚುವುದು ಅವರದ್ದು, ಚಾವಣಿ ಬಾಗುವುದು ಅವರದ್ದು, ಹಿಮ ತೆಗೆಯುವ ಖರ್ಚು ಅವರ ತೆರಿಗೆ. ನೀರು ಮಾತ್ರ ಕೊಲರಾಡೊ ನದಿಗೆ ಸೇರಿ ನೂರಾರು ಮೈಲಿ ಕೆಳಗಿನವರಿಗೆ. ಆ ಹೆದರಿಕೆಯಿಂದಲೇ 1971ರಿಂದ ಕೊಲರಾಡೊ ವಿಶ್ವವಿದ್ಯಾಲಯದವರು ಸಿಲ್ವರ್‌ಟನ್‌ನಲ್ಲಿ ಬಿಡಾರ ಹೂಡಿ ವರ್ಷಗಟ್ಟಲೆ ಹಿಮಕುಸಿತ ಅಳೆದರು.

ಈಗಲೂ ಹಾಗೇ. ಲಾಸ್ ವೇಗಸ್‌ಗೆ, ದಕ್ಷಿಣ ಕ್ಯಾಲಿಫೋರ್ನಿಯಾಗೆ, ಅರಿಜೋನಾಗೆ ನೀರು ಕೊಡುವ ಸಂಸ್ಥೆಗಳು ದುಡ್ಡು ಕೊಟ್ಟು ಮೇಲಿನ ರಾಜ್ಯಗಳ ಬೆಟ್ಟಗಳಲ್ಲಿ ಬಿತ್ತಿಸುತ್ತವೆ. 2023ರಲ್ಲಿ ಕೇಂದ್ರ ಸರ್ಕಾರವೂ 24 ಲಕ್ಷ ಡಾಲರ್ ಕೊಟ್ಟಿತು. ಕೊಲರಾಡೊ ನದಿಯನ್ನು ನೆಚ್ಚಿಕೊಂಡವರು ಸುಮಾರು 4 ಕೋಟಿ ಜನ. ಬೇರೆ ಯಾವ ದಾರಿಯಲ್ಲಿ ನೀರು ತಂದರೂ ಇದಕ್ಕಿಂತ ದುಬಾರಿ ಅನ್ನುವುದು ಆ ಸಂಸ್ಥೆಗಳ ವಾದ. ಜಲವಿದ್ಯುತ್ತಿನವನಾಗಿ ನನಗೆ ಆ ವಾದ ಅರ್ಥವಾಗುತ್ತದೆ. ಐಡಹೊ ಪವರ್ ಕಂಪನಿಗೆ 17 ಜಲವಿದ್ಯುತ್ ಅಣೆಕಟ್ಟು. ಬೆಟ್ಟದ ಮೇಲೆ ಕೂತ ಒಂದು ಇಂಚು ಹಿಮ ಅಂದರೆ ಬೇಸಿಗೆಗೆ ಕೂಡಿಟ್ಟ ದುಡ್ಡು. ನಾನು ಆ ಕುರ್ಚಿಯಲ್ಲಿದ್ದರೆ ನಾನೂ ಬಿತ್ತಿಸುತ್ತಿದ್ದೆ. ಅದಕ್ಕೇ ಹೇಳುವುದು, ಆ ಕುರ್ಚಿಯವನೊಬ್ಬನಿಗೇ ತೀರ್ಮಾನ ಬಿಡಬಾರದು.

ಕಾನೂನಿಗೆ ಬರೋಣ. ಕೊಲರಾಡೊ 1972ರಲ್ಲೇ ಕಾಯ್ದೆ ಮಾಡಿತು. ಬಿತ್ತಬೇಕಾದರೆ ಪರವಾನಗಿ ಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಊರವರನ್ನು ಕರೆದು ಅಹವಾಲು ಕೇಳಬೇಕು. ಹಿಮಕುಸಿತದ ಎಚ್ಚರಿಕೆ ಇದ್ದರೆ, ಪ್ರವಾಹದ ಭಯ ಇದ್ದರೆ, ಬೆಟ್ಟದ ಮೇಲೆ ಆಗಲೇ ವಾಡಿಕೆಗಿಂತ ತೀರಾ ಹೆಚ್ಚು ಹಿಮ ಕೂತಿದ್ದರೆ ಒಲೆ ಆರಿಸಬೇಕು. ಈ ಕೊನೆಯ ಷರತ್ತನ್ನು ನಮ್ಮ ಅಣೆಕಟ್ಟಿನ ಗೇಟು ತೆರೆಯುವ ನಿಯಮಕ್ಕೆ ಹೋಲಿಸಬಹುದು, ಮಟ್ಟ ನೋಡಿ ಕೈ ಆಡಿಸುವುದು.

ಹೊಣೆಗಾರಿಕೆ ಮಾತ್ರ ಜಾರುವ ಮೀನು. ಪುರಾವೆ ಕೊಡುವವರು ಯಾರು? 2016ರ ಜೂನ್ 5ರಂದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಅಲ್ಲಿಯ ಜಲವಿದ್ಯುತ್ ಸಂಸ್ಥೆ ಮೋಡ ಬಿತ್ತಿತು. ಭಾರಿ ಮಳೆಯ ಮುನ್ಸೂಚನೆ ಆಗಲೇ ಇತ್ತು. ಆ ದಿನಗಳಲ್ಲೇ ದ್ವೀಪದಲ್ಲಿ ಪ್ರವಾಹ ಬಂದು ಮೂವರು ಸತ್ತರು. ಬಿತ್ತನೆಯಿಂದ ಅಳೆಯುವಷ್ಟು ಪರಿಣಾಮವೇನೂ ಆಗಿರಲಿಲ್ಲ ಎಂದು ವಿಚಾರಣೆ ಹೇಳಿತು. ವಿಜ್ಞಾನದ ಪ್ರಕಾರ ಸರಿ ಇರಬಹುದು. ಆದರೆ ಒಂದು ತಮಾಷೆ ಗಮನಿಸಿ ವಕೀಲರೇ. ಬಿಲ್ ಮಾಡುವಾಗ ಬಿತ್ತನೆಯಿಂದ ಇಷ್ಟು ಬಂತು ಅನ್ನುವ ಕ್ಷೇತ್ರ ಇದು, ಪ್ರವಾಹ ಬಂದಾಗ ಏನೂ ಬರಲಿಲ್ಲ ಅನ್ನುತ್ತದೆ. ನಿಮಗೆ ಪಾಟೀಸವಾಲಿಗೆ ಎಂಥ ಸಾಕ್ಷಿ! ನನ್ನ ಮಟ್ಟಿಗೆ ಬಿತ್ತುವವನು ಬೇರೆ, ಅಳೆಯುವವನು ಬೇರೆ ಇರಬೇಕು. ಮಾಪಕದ ಕೀಲಿ ಕಂಪನಿಯ ಜೇಬಿನಲ್ಲಿ ಇರಬಾರದು.

ಇನ್ನೊಂದು. ‘ಸ್ನೋವಿ’ ನಡೆದ ಅದೇ ಜನವರಿಯಲ್ಲಿ ಐಡಹೊ ಮತ್ತು ಆರೆಗನ್ ಗಡಿಯ ಕಣಿವೆಯಲ್ಲಿ ವಿಪರೀತ ಹಿಮ ಬಿದ್ದು ಈರುಳ್ಳಿ ಗೋದಾಮುಗಳ ಚಾವಣಿ ಕುಸಿದವು. ಆ ಹಿಮಕ್ಕೂ ಬೆಟ್ಟದ ಮೇಲಿನ ಆ ಕೂದಲೆಳೆಯಷ್ಟು ಬಿತ್ತನೆಗೂ ಸಂಬಂಧ ಕಟ್ಟಲು ಆಗಲ್ಲ. ಆದರೂ ಚಾವಣಿ ಬಿದ್ದವನ ತಲೆಯಲ್ಲಿ ಆ ವಿಮಾನ ಹಾರುತ್ತಲೇ ಇರುತ್ತದೆ. ಮೊದಲೇ ಕರೆದು ಕೂರಿಸಿ ಮಾತಾಡಿದ್ದರೆ ಅಷ್ಟು ಹಾರಲ್ಲ.

ನಮ್ಮ ಮಗ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾನೆ. ಅಲ್ಲಿ ಕೆರೆ ಒಣಗುತ್ತಿದೆಯಂತೆ, ಬಿತ್ತನೆಯಿಂದ ಉಳಿಯುತ್ತದಾ? ವಿಮಾನ ಹೋದ ಮೇಲೆ ಕಾಣುವ ಬಿಳಿ ಗೆರೆಯೂ ಇದೇನಾ?
— ದಂಪತಿ, ಬೆಂಗಳೂರು

ಗೆರೆಯ ಉತ್ತರ ಒಂದೇ ಮಾತು: ಅಲ್ಲ. ಅದು ಬಹಳ ಎತ್ತರದಲ್ಲಿ ಜೆಟ್ ಎಂಜಿನ್ ಬಿಟ್ಟ ಆವಿ ಹೆಪ್ಪುಗಟ್ಟಿದ್ದು. ಇದನ್ನು ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ. ಟೆನೆಸಿ 2024ರಲ್ಲಿ, ಫ್ಲಾರಿಡಾ 2025ರಲ್ಲಿ ಹವೆ ಬದಲಿಸುವುದನ್ನೇ ನಿಷೇಧಿಸಿ ಕಾಯ್ದೆ ಮಾಡಿವೆ. ಅದರ ಹಿಂದೆ ಈ ಗೆರೆಯ ಗುಮಾನಿಯೇ ಬಹಳ.

ಕೆರೆ ದೊಡ್ಡ ಕಥೆ. ಗ್ರೇಟ್ ಸಾಲ್ಟ್ ಲೇಕ್ 2022ರ ನವೆಂಬರಿನಲ್ಲಿ ದಾಖಲೆಯ ತಳ ಮುಟ್ಟಿತು. ಮರುವರ್ಷ ಯೂಟಾ ಸರ್ಕಾರ ಬಿತ್ತನೆಗೆ ಕೊಡುವ ದುಡ್ಡನ್ನು ಹಲವು ಪಟ್ಟು ಏರಿಸಿತು. ಆದರೆ ಆ ಕೆರೆಗೆ ಬರಬೇಕಾದ ನದಿಗಳ ನೀರನ್ನು ದಾರಿಯಲ್ಲೇ ತೆಗೆದುಕೊಳ್ಳುವುದು ಹೆಚ್ಚಾಗಿ ಹೊಲಗಳು. ಅಲ್ಲಿ ಬೆಳೆಯುವುದು ಬಹುಪಾಲು ದನದ ಮೇವು, ಕುದುರೆಮಸಾಲೆ ಸೊಪ್ಪು. ಮೇವಿನ ರೈತನ ಹತ್ತಿರ ನೀರು ಬಿಡಪ್ಪಾ ಅನ್ನುವುದು ರಾಜಕಾರಣಿಗೆ ಕಷ್ಟ. ಬೆಟ್ಟದ ಮೇಲೆ ಒಲೆ ಹಚ್ಚುವುದು ಸುಲಭ, ಯಾರೂ ಮುನಿಸಿಕೊಳ್ಳಲ್ಲ. ನಮ್ಮಲ್ಲಿ ಕೆರೆಯ ಹೂಳು ತೆಗೆಯುವ ಬದಲು ವಿಮಾನ ತರಿಸುವುದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ ನನಗೆ. ಮಗನಿಗೆ ಹೇಳಿ, ಮನೆ ಮುಂದಿನ ಹುಲ್ಲಿಗೆ ನೀರು ಹಾಕುವುದನ್ನು ಕಡಿಮೆ ಮಾಡಲಿ.

ತಾತ, ಬಿತ್ತಿದ ಹಿಮಕ್ಕೂ ಸುಮ್ನೆ ಬಿದ್ದ ಹಿಮಕ್ಕೂ ರುಚಿಯಲ್ಲಿ ವ್ಯತ್ಯಾಸ ಇದ್ಯಾ?
— 5ನೇ ತರಗತಿ, ತೀರ್ಥಹಳ್ಳಿ

ಪುಟ್ಟಾ, ನಿನ್ನದೇ ಈ ಸಲದ ಅತ್ಯುತ್ತಮ ಪ್ರಶ್ನೆ. ರುಚಿ ನೋಡಿಯೇ ಹೇಳುತ್ತೇನೆ ಅಂತ ಮೊಮ್ಮಗಳ ಜೊತೆ ಸೇರಿ ಪ್ರಯೋಗ ಮಾಡಿದೆ. ಕಾರಿನಲ್ಲಿ ಬೆಟ್ಟಕ್ಕೆ ಹೋದಾಗ ಒಂದು ಡಬ್ಬಿ ಹಿಮ ತಂದೆವು, ಮನೆ ಹಿತ್ತಲಿನಿಂದ ಇನ್ನೊಂದು ಬಟ್ಟಲು. ಬೆಟ್ಟದ್ದು ಬಿತ್ತಿದ್ದೋ ಸುಮ್ನೆ ಬಿದ್ದದ್ದೋ ಗೊತ್ತಾಗಲ್ಲ. ದೊಡ್ಡ ವಿಜ್ಞಾನಿಗಳಿಗೂ ಒಂದು ಬಟ್ಟಲು ನೋಡಿ ಹೇಳುವುದು ಕಷ್ಟವೇ, ನಮ್ಮದೇನು. ಊರಿನಿಂದ ಒಯ್ದ ಜೋನಿ ಬೆಲ್ಲ ಒಂದೊಂದು ಚಮಚ ಎರಡರ ಮೇಲೂ ಸುರಿದೆವು. ಬೆಲ್ಲ ತಣ್ಣಗಾಗಿ ಚೂಯಿಂಗ್ ಗಮ್ಮಿನ ಹಾಗೆ ಎಳೆಯಾಯಿತು. ಮೊಮ್ಮಗಳು ಬೆಟ್ಟದ್ದೇ ಚೆನ್ನಾಗಿದೆ ಅಂದಳು. ಅದಕ್ಕೆ ಬೆಲ್ಲ ಜಾಸ್ತಿ ಬಿದ್ದಿತ್ತು, ನಾನು ನೋಡಿದ್ದೆ.